ವೃದ್ಧ ಕಲಾವಿದನ ದಿನಚರ್ಯೆ

೧

ಪ್ರತಿಭೆಯು ಯೌವನದ ಸೊತ್ತೆಂಬ ಭಾವನೆ ಲೋಕದಲ್ಲಿ ಬಲವಾಗಿ ಬೇರೂರಿದೆ. ಅರುವತ್ತು ದಾಟಿದ ಕವಿಯು ಹೊಸ ಕಾವ್ಯವನ್ನು ಪ್ರಕಟಿಸಿದರೆ, ಅದನ್ನು ಓದುವುದಕ್ಕೆ ಮೊದಲೇ ‘ಈ ವಯಸ್ಸಿನಲ್ಲಿಯೂ’ ಎಂಬ ಮಾತು ಹೊರಡುತ್ತದೆ. ಆ ಮಾತಿನಲ್ಲಿ ಗೌರವವೂ ಉಂಟು, ಕೃತಿಯ ಗುಣವನ್ನು ಕೃತಿಕಾರನ ವಯಸ್ಸಿನಿಂದ ಅಳೆಯುವ ಅನ್ಯಾಯವೂ ಉಂಟು. ಅದನ್ನು ಕೇಳಿ ಕೇಳಿ ಕಲಾವಿದನೂ ಅದನ್ನೇ ನಂಬತೊಡಗುವುದು ಇದಕ್ಕಿಂತ ಹೆಚ್ಚಿನ ಹಾನಿ. ಉದ್ಯೋಗದಿಂದ ನಿವೃತ್ತನಾದ ಚಿತ್ರಕಲಾ ಅಧ್ಯಾಪಕನು, ಮೂವತ್ತು ವರ್ಷ ಹಂಬಲಿಸಿದ ಬಿಡುವು ಕೈಗೆ ಬಂದ ಮೇಲೆ, ಅದನ್ನು ಏನು ಮಾಡಬೇಕೆಂದು ತಿಳಿಯದೆ ಕುಂಚವನ್ನು ಒಣಗಬಿಡುವುದು ಅಪರೂಪವಲ್ಲ. ಬಿಡುವಿಲ್ಲದಾಗ ಇದ್ದ ಶಕ್ತಿ ಬಿಡುವು ದೊರೆತಾಗ ಎಲ್ಲಿ ಹೋಯಿತು?

ಈ ಪ್ರಶ್ನೆಯಲ್ಲಿ ಎರಡು ಅಂಶಗಳಿವೆ. ವಯಸ್ಸಾದಂತೆ ಕುಂದುವುದು ಸೃಷ್ಟಿಶಕ್ತಿಯೋ ಅಥವಾ ಆ ಶಕ್ತಿ ಕೆಲಸಮಾಡುವುದಕ್ಕೆ ಬೇಕಾದ ಅನುಕೂಲಗಳೋ ಎಂಬುದು ಒಂದು. ದಿನನಿತ್ಯದ ನಿಯಮವು ಆ ಶಕ್ತಿಯನ್ನು ಉಳಿಸಬಲ್ಲುದೋ, ಅಥವಾ ಶಕ್ತಿ ಹೋದ ಮೇಲೆ ಉಳಿಯುವ ಬರಿಯ ಸಿಪ್ಪೆಯೋ ಎಂಬುದು ಎರಡನೆಯದು. ನಮ್ಮ ಅಲಂಕಾರಶಾಸ್ತ್ರದಲ್ಲಿ ಇವಕ್ಕೆ ಸಂಬಂಧಿಸಿದ ವಿಚಾರ ಸ್ವಲ್ಪವಲ್ಲ. ಕರ್ಣಾಟಕದ ಚಿತ್ರಕಾರರ ಜೀವನದಲ್ಲಿ ಅದಕ್ಕೆ ದೃಷ್ಟಾಂತಗಳೂ ಉಂಟು.

೨

ಕವಿಯ ದಿನಚರಿಯನ್ನು ಗಳಿಗೆ ಗಳಿಗೆಯಾಗಿ ಹಂಚಿ ವಿವರಿಸಿದ ಲಾಕ್ಷಣಿಕನು ರಾಜಶೇಖರ. ಕ್ರಿ. ಶ. ೯೦೦ರ ಆಸುಪಾಸಿನಲ್ಲಿ ಪ್ರತೀಹಾರ ರಾಜರ ಆಶ್ರಯದಲ್ಲಿದ್ದ ಈತನ ‘ಕಾವ್ಯಮೀಮಾಂಸೆ’ ೧೯೧೬ರಲ್ಲಿ ಬಡೋದೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಬೆಳಕು ಕಂಡಿತು. ಅದರ ಹತ್ತನೆಯ ಅಧ್ಯಾಯದಲ್ಲಿ ಕವಿಚರ್ಯೆಯ ನಿರೂಪಣೆಯಿದೆ.

ರಾಜಶೇಖರನು ಅಹೋರಾತ್ರವನ್ನು ಎಂಟು ಜಾವಗಳಾಗಿ ವಿಂಗಡಿಸುತ್ತಾನೆ. ಬೆಳಗ್ಗೆ ಎದ್ದು ಸಂಧ್ಯೆಯನ್ನೂ ಸರಸ್ವತೀಸ್ತುತಿಯನ್ನೂ ಮುಗಿಸಿದ ಕವಿಯು ಮೊದಲನೆಯ ಜಾವದಲ್ಲಿ ಶಾಸ್ತ್ರಗಳನ್ನು ವ್ಯಾಸಂಗಮಾಡಬೇಕು. ಎರಡನೆಯದು ರಚನೆಗೆ ಮೀಸಲು. ಮಧ್ಯಾಹ್ನದ ಸ್ನಾನಭೋಜನಗಳಾದ ಮೇಲೆ ಮೂರನೆಯ ಜಾವದಲ್ಲಿ ಕಾವ್ಯಗೋಷ್ಠಿ. ನಾಲ್ಕನೆಯದರಲ್ಲಿ ಬೆಳಗ್ಗೆ ರಚಿಸಿದುದನ್ನು ತಾನೊಬ್ಬನೇ ಅಥವಾ ಕೆಲವೇ ಆಪ್ತರೊಡನೆ ಪರೀಕ್ಷಿಸಬೇಕು. ರಾತ್ರಿಯ ಮೊದಲ ಜಾವದಲ್ಲಿ ತಿದ್ದಿದ್ದನ್ನು ಬರೆದಿಡುವುದು. ನಡುವಣ ಎರಡು ಜಾವಗಳಲ್ಲಿ ಚೆನ್ನಾಗಿ ನಿದ್ರಿಸುವುದು. ಕಡೆಯ ಜಾವದಲ್ಲಿ ಎಚ್ಚರಗೊಳ್ಳುವುದು.

ಈ ಹಂಚಿಕೆಯಲ್ಲಿ ಗಮನಿಸತಕ್ಕ ಅಂಶಗಳು ಮೂರು. ಹೊಸದಾಗಿ ರಚಿಸುವುದಕ್ಕೆಂದು ಗೊತ್ತಾದ ಕಾಲ ಎಂಟರಲ್ಲಿ ಒಂದೇ ಪಾಲು. ಎಂದರೆ ಸುಮಾರು ಮೂರು ಗಂಟೆ. ಉಳಿದುದೆಲ್ಲ ಅದಕ್ಕೆ ಸಿದ್ಧತೆ, ಸಂವಾದ, ಪರಿಷ್ಕಾರ, ವಿಶ್ರಾಂತಿ. ಎರಡನೆಯದು, ರಚನೆಗೂ ಪರೀಕ್ಷೆಗೂ ನಡುವೆ ಬೇಕೆಂದೇ ಇಟ್ಟಿರುವ ಅಂತರ. ರಸಾವೇಶದಲ್ಲಿ ರಚಿಸುತ್ತಿರುವವನಿಗೆ ವಿವೇಚನೆಯ ಕಣ್ಣು ತೆರೆಯುವುದಿಲ್ಲವಾದ್ದರಿಂದ, ಹೆಚ್ಚಾದುದನ್ನು ತೆಗೆಯುವುದು, ಕೊರೆಯಾದುದನ್ನು ತುಂಬುವುದು, ಸ್ಥಾನ ತಪ್ಪಿದುದನ್ನು ಸರಿಪಡಿಸುವುದು, ಮರೆತುದನ್ನು ನೆನೆದು ಸೇರಿಸುವುದು ಇವೆಲ್ಲವೂ ಆವೇಶ ಇಳಿದ ಮೇಲಿನ ಕೆಲಸವೆಂದು ಅವನ ಮತ. ಮೂರನೆಯದು, ನಿದ್ರೆಯನ್ನೂ ಚರ್ಯೆಯ ಅಂಗವಾಗಿಯೇ ಎಣಿಸಿರುವುದು. ದಿನದಲ್ಲಿ ಹತ್ತು ಗಂಟೆ ನಿಂತು ಚಿತ್ರ ಬರೆಯಲಾರೆನೆಂದು ಕೊರಗುವ ವೃದ್ಧ ಚಿತ್ರಕಾರನಿಗೆ ಇದರಲ್ಲಿ ಸಮಾಧಾನವಿದೆ. ಶಾಸ್ತ್ರಕಾರನು ತರುಣನಿಂದಲೂ ಅಷ್ಟನ್ನು ಅಪೇಕ್ಷಿಸಲಿಲ್ಲ.

ಅದೇ ಅಧ್ಯಾಯದಲ್ಲಿ ಕವಿತ್ವಕ್ಕೆ ಎಂಟು ಮಂದಿ ತಾಯಂದಿರನ್ನು ಹೇಳಿದೆ: ಸ್ವಾಸ್ಥ್ಯ, ಪ್ರತಿಭೆ, ಅಭ್ಯಾಸ, ಭಕ್ತಿ, ವಿದ್ವಾಂಸರೊಡನೆ ಸಂಭಾಷಣೆ, ಬಹುಶ್ರುತತೆ, ದೃಢವಾದ ನೆನಪು, ಅನಿರ್ವೇದ. ಈ ಎಂಟರಲ್ಲಿ ವಯಸ್ಸು ಮುಟ್ಟುವುದು ಯಾವುದನ್ನು? ಸ್ವಾಸ್ಥ್ಯವನ್ನೂ ನೆನಪನ್ನೂ ಮುಟ್ಟುವುದು ಸ್ಪಷ್ಟ. ಬಹುಶ್ರುತತೆ ವಯಸ್ಸಿನಿಂದ ಬೆಳೆಯುತ್ತದೆ. ಅಭ್ಯಾಸ ಬಿಡದಿದ್ದರೆ ಬೆಳೆಯುತ್ತದೆ. ಭಕ್ತಿ ಅವರವರ ಸ್ವಭಾವಕ್ಕೆ ಸೇರಿದ್ದು. ಸಂಭಾಷಣೆ, ಸಮಾನಶೀಲರು ಒಬ್ಬೊಬ್ಬರಾಗಿ ಅಗಲಿದಂತೆ, ಕುಗ್ಗುತ್ತದೆ. ಕಡೆಯದಾದ ಅನಿರ್ವೇದವೆಂದರೆ ಬೇಸರಗೊಂಡು ಕೈಚೆಲ್ಲದಿರುವಿಕೆ. ಮುಪ್ಪಿನಲ್ಲಿ ಮೊದಲು ಪೆಟ್ಟು ತಿನ್ನುವುದು ಬಹುಮಟ್ಟಿಗೆ ಇದೇ. ಹೀಗೆ ವಿಭಜಿಸಿ ನೋಡಿದರೆ, ‘ಪ್ರತಿಭೆ ಬತ್ತಿತು’ ಎಂದು ಒಟ್ಟಾಗಿ ಹೇಳುವ ಮಾತು ಎಷ್ಟು ಸ್ಥೂಲವಾದುದೆಂಬುದು ತಿಳಿಯುತ್ತದೆ. ಕುಂದಿದುದು ಸ್ವಾಸ್ಥ್ಯವಾಗಿರಬಹುದು, ಒಡನಾಟವಾಗಿರಬಹುದು, ಭರವಸೆಯಾಗಿರಬಹುದು. ಯಾವುದೆಂದು ಗೊತ್ತಾದರೆ ಅದಕ್ಕೆ ತಕ್ಕ ಉಪಚಾರವೂ ಗೊತ್ತಾಗುತ್ತದೆ.

ಕೃತಿಯ ನಾಶಕ್ಕೆ ಕಾರಣಗಳನ್ನೂ ರಾಜಶೇಖರನು ಎಣಿಸಿದ್ದಾನೆ. ‘ಆಮೇಲೆ ಮುಗಿಸುವೆನು, ಆಮೇಲೆ ತಿದ್ದುವೆನು, ಗೆಳೆಯರೊಡನೆ ಕೂಡಿ ಆಲೋಚಿಸುವೆನು’ ಎಂಬ ಕರ್ತೃವಿನ ಚಂಚಲತೆ ಒಂದು ಕಾರಣ. ರಾಷ್ಟ್ರದಲ್ಲಿ ಏಳುವ ಕ್ಷೋಭೆ ಇನ್ನೊಂದು. ಮೊದಲನೆಯದಕ್ಕೆ ಮದ್ದು ನಿತ್ಯನಿಯಮ. ಎರಡನೆಯದು ಕಲಾವಿದನ ಕೈಮೀರಿದ್ದು. ಅದಕ್ಕೆ ಕರ್ಣಾಟಕದಲ್ಲಿಯೇ ದೊರೆಯುವ ನಿದರ್ಶನವು ಮುಂದೆ ಬರುತ್ತದೆ.

೩

ಕಾಲಕ್ಕೂ ರಚನೆಗೂ ಇರುವ ಸಂಬಂಧವನ್ನು ಹಿಡಿದು ಕವಿಗಳಲ್ಲಿ ನಾಲ್ಕು ಬಗೆಯನ್ನು ‘ಕಾವ್ಯಮೀಮಾಂಸೆ’ ಹೇಳುತ್ತದೆ. ಲೋಕದಿಂದ ಮರೆಯಾಗಿ, ಗುಹೆಯನ್ನೋ ನೆಲಮನೆಯನ್ನೋ ಹೊಕ್ಕು, ನಿಷ್ಠೆಯಿಂದ ರಚಿಸುವವನು ಅಸೂರ್ಯಂಪಶ್ಯ. ಮನಸ್ಸು ಹರಿದಾಗ ಕುಳಿತು ರಚಿಸುವವನು ನಿಷಣ್ಣ. ಬೇರೆ ಕೆಲಸಗಳ ನಡುವೆ ಬಿಡುವು ಮಾಡಿಕೊಂಡು ರಚಿಸುವವನು ದತ್ತಾವಸರ. ಯಾವುದಾದರೂ ಸಂದರ್ಭ ಒದಗಿದಾಗ ಅದರ ನಿಮಿತ್ತವಾಗಿ ರಚಿಸುವವನು ಪ್ರಾಯೋಜನಿಕ. ಮೊದಲ ಇಬ್ಬರಿಗೆ ಎಲ್ಲ ಕಾಲವೂ ಕಾಲವೇ. ದತ್ತಾವಸರನಿಗೆ ದಿನದ ಕೆಲವು ಹೊತ್ತುಗಳು ಮಾತ್ರ. ಪ್ರಾಯೋಜನಿಕನಿಗೆ ಸಂದರ್ಭವೇ ಕಾಲ.

ನಿವೃತ್ತನಾದವನ ತೊಡಕು ಇಲ್ಲಿ ವಿಶದವಾಗುತ್ತದೆ. ಅವನು ಮೂವತ್ತು ವರ್ಷ ದತ್ತಾವಸರನಾಗಿದ್ದನು. ಪಾಠಶಾಲೆಯ ಗಂಟೆಯೇ ಅವನ ಬಿಡುವಿಗೂ ಅಂಚು ಕಟ್ಟಿತ್ತು. ಬೆಳಗಿನ ಎರಡು ಗಂಟೆ, ಭಾನುವಾರದ ಮಧ್ಯಾಹ್ನ, ಬೇಸಗೆಯ ರಜೆ ಇವು ಕಡಮೆಯಾಗಿದ್ದುದರಿಂದಲೇ ಅವಕ್ಕೆ ಬೆಲೆಯಿತ್ತು. ನಿವೃತ್ತಿಯೊಡನೆ ಆ ಅಂಚು ಕಳಚಿಬೀಳುತ್ತದೆ. ಈಗ ಅವನು ಅಸೂರ್ಯಂಪಶ್ಯನಾಗಬೇಕು, ಇಲ್ಲವೆ ನಿಷಣ್ಣನಾಗಬೇಕು. ಎರಡೂ ಅವನಿಗೆ ರೂಢಿಯಿಲ್ಲ. ಮನಸ್ಸು ಹರಿದಾಗ ಬರೆಯುವೆನೆಂದು ಕಾದರೆ ಮನಸ್ಸು ಹರಿಯುವುದಿಲ್ಲ. ಆದುದರಿಂದ ಅವನು ತನ್ನ ಕೈಯಿಂದಲೇ ಹೊಸ ಅಂಚೊಂದನ್ನು ಕಟ್ಟಿಕೊಳ್ಳಬೇಕಾಗುತ್ತದೆ.

ಗದುಗಿನ ಕುಮಾರವ್ಯಾಸನ ವಿಷಯವಾಗಿ ಜನರಲ್ಲಿ ಪ್ರಚಾರದಲ್ಲಿರುವ ಐತಿಹ್ಯವು ಇಂಥದೇ ಅಂಚಿನ ಕಥೆ. ಕವಿಯು ದಿನವೂ ಮಿಂದು, ಒದ್ದೆ ಬಟ್ಟೆಯಲ್ಲಿಯೇ ವೀರನಾರಾಯಣನ ಗುಡಿಯ ಕಂಬದ ಬಳಿ ಕುಳಿತು, ಬಟ್ಟೆ ಒಣಗುವ ತನಕ ಕಾವ್ಯವನ್ನು ಹೇಳುತ್ತಿದ್ದನಂತೆ, ಒಣಗಿದೊಡನೆ ನಿಲ್ಲಿಸುತ್ತಿದ್ದನಂತೆ. ಐತಿಹ್ಯವನ್ನು ಚರಿತ್ರೆಯೆಂದು ಎಣಿಸಬೇಕಾಗಿಲ್ಲ. ಆದರೆ ಅದನ್ನು ಕಟ್ಟಿದ ಜನಮನವು ಕಂಡುಕೊಂಡ ತತ್ತ್ವ ಮಾತ್ರ ಸತ್ಯವಾದುದು: ಆರಂಭಕ್ಕೆ ಒಂದು ಕ್ರಿಯೆ, ಮುಕ್ತಾಯಕ್ಕೆ ಕಲಾವಿದನ ಇಚ್ಛೆಗೆ ಒಳಪಡದ ಒಂದು ಅಳತೆ. ಹಲಗೆ ಬಳಪಗಳ ನೆರವಿಲ್ಲದೆ ತಾನು ರಚಿಸಿದುದಾಗಿ ಆ ಕವಿ ಹೇಳಿಕೊಂಡಿರುವುದು ಅಧ್ಯಾಪಕರೆಲ್ಲರಿಗೂ ತಿಳಿದ ಸಂಗತಿ. ಪೆಟ್ಟಿಗೆ, ಹಲಗೆ, ಬಳಪ, ಓಲೆ, ಮಸಿ, ಕಂಠಗಳನ್ನು ಯಾವಾಗಲೂ ಸಮೀಪದಲ್ಲಿ ಇರಿಸಿಕೊಳ್ಳಬೇಕೆಂದು ವಿಧಿಸುವ ರಾಜಶೇಖರನು ಕೂಡ, ನಿಜವಾದ ಪರಿಕರವೆಂದರೆ ಪ್ರತಿಭೆಯೊಂದೇ ಎಂದು ತನ್ನ ಅಭಿಪ್ರಾಯವನ್ನು ಕೊನೆಗೆ ಸೇರಿಸುತ್ತಾನೆ. ಪರಿಕರವು ಪ್ರತಿಭೆಯನ್ನು ಹುಟ್ಟಿಸಲಾರದು. ಅದು ಬಂದ ಗಳಿಗೆಯಲ್ಲಿ ಕೈ ಬರಿದಾಗಿರದಂತೆ ಮಾತ್ರ ನೋಡಿಕೊಳ್ಳಬಲ್ಲುದು.

೪

ಚಿತ್ರಕಲೆಯಲ್ಲಿ ಅಸೂರ್ಯಂಪಶ್ಯನೆಂಬ ಹೆಸರಿಗೆ ಕನ್ನಡನಾಡಿನಲ್ಲಿ ಅತ್ಯಂತ ಅರ್ಹರಾದವರು ಕೆ. ವೆಂಕಟಪ್ಪನವರು. ಮೈಸೂರಿನ ಚಿತ್ರಗಾರರ ಮನೆತನದಲ್ಲಿ ೧೮೮೬ರಲ್ಲಿ ಹುಟ್ಟಿದ ಇವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬಸು ಅವರು ಇವರ ಸಹಪಾಠಿ. ೧೯೧೩ರಲ್ಲಿ ಪ್ರಕಟವಾದ ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಹಿಂದೂ–ಬೌದ್ಧ ಪುರಾಣಕಥೆಗಳ ಗ್ರಂಥದಲ್ಲಿ ಇವರ ರಾಮಾಯಣ ಚಿತ್ರಗಳಿವೆ. ಮೈಸೂರಿಗೆ ಮರಳಿದ ಮೇಲೆ ಉದಕಮಂಡಲ ಕೊಡೈಕನಾಲುಗಳ ಜಲವರ್ಣ ದೃಶ್ಯಗಳನ್ನು ಬರೆದರು. ಅರಮನೆಗಾಗಿ ಗಚ್ಚಿನ ಉಬ್ಬುಚಿತ್ರಗಳನ್ನು ಮಾಡಿದರು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಕಲಿತರು. ಅವಿವಾಹಿತರಾಗಿ, ಕಲೆಯನ್ನೇ ವ್ರತವಾಗಿ ಕೈಕೊಂಡು, ಶಿಸ್ತಿನಲ್ಲಿ ತಪಸ್ವಿಯಂತೆ ಬಾಳಿದರೆಂಬುದು ಪ್ರಸಿದ್ಧವಾಗಿದೆ.

ನಿಯಮವೊಂದೇ ಸಾಕಾಗಿದ್ದರೆ ವೆಂಕಟಪ್ಪನವರ ವಾರ್ಧಕ್ಯವು ಚಿತ್ರಗಳಿಂದ ತುಂಬಿರಬೇಕಾಗಿತ್ತು. ಹಾಗಾಗಲಿಲ್ಲ. ೧೯೪೦ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ದಿವಂಗತರಾದರು. ಅರಮನೆಯ ಕೆಲಸ ನಿಂತಿತು. ಅದರ ವಿಷಯದಲ್ಲಿ ವ್ಯಾಜ್ಯವೂ ನಡೆಯಿತು. ಬೆಂಗಳೂರಿನಲ್ಲಿ ನೆಲೆಸಿ ೧೯೬೫ರ ವರೆಗೆ ಬದುಕಿದರೂ ಆ ಇಪ್ಪತ್ತೈದು ವರ್ಷಗಳಲ್ಲಿ ಹೊಸ ಚಿತ್ರಗಳು ವಿರಳವಾದುವು. ರಾಜಾಶ್ರಯವೆಂಬ ಒಂದೇ ಕಂಬವನ್ನು ನೆಚ್ಚಿದ ಮನೆಗೆ ಆ ಕಂಬ ಸರಿದಾಗ ಆಗುವ ಅವಸ್ಥೆಯಿದು. ಇವರ ಶಿಸ್ತಿಗೆ ಕುಂದೇನೂ ಇರಲಿಲ್ಲ. ಕೃತಿಯನ್ನು ಬಯಸುವ, ಎದುರುನೋಡುವ ಸಮಾಜವು ಕಾಣದಾಗಿತ್ತು. ರಾಜಶೇಖರನ ದಿನಚರ್ಯೆಯಲ್ಲಿ ಮೂರನೆಯ ಜಾವವನ್ನು ಗೋಷ್ಠಿಗೆ ಬಿಟ್ಟಿರುವುದು ಏತಕ್ಕೆಂಬುದು ಇಲ್ಲಿ ಮನಸ್ಸಿಗೆ ಹತ್ತುತ್ತದೆ. ಕಲಾವಿದನ ಏಕಾಂತಕ್ಕೂ ಒಂದು ಕಿಟಕಿ ಬೇಕು.

ಸಹಪಾಠಿಯಾದ ನಂದಲಾಲರ ಬಾಳು ಇದಕ್ಕೆ ಪಕ್ಕದಲ್ಲಿ ಇಟ್ಟು ನೋಡತಕ್ಕದ್ದು. ಶಾಂತಿನಿಕೇತನದಲ್ಲಿ ಶಿಷ್ಯರ ನಡುವೆಯಿದ್ದ ಅವರು ಅಂಚೆಕಾರ್ಡಿನಷ್ಟು ಚಿಕ್ಕ ಕಾಗದದ ಮೇಲೆ ಕಂಡುದನ್ನು ಕಂಡಂತೆ ಬರೆದು ಆಪ್ತರಿಗೆ ಕಳುಹಿಸುವ ಅಭ್ಯಾಸವನ್ನಿಟ್ಟುಕೊಂಡಿದ್ದರು. ಒಂದು ಮರ, ಒಂದು ಆಡು, ನೀರು ಹೊರುವ ಒಬ್ಬ ಹೆಂಗಸು ಇಷ್ಟೇ ವಸ್ತು. ಮಹಾಕೃತಿಗೆ ಶಕ್ತಿಯಿಲ್ಲದ ದಿನವೂ ಅಷ್ಟು ಕಾಗದಕ್ಕೆ ಶಕ್ತಿಯಿರುತ್ತದೆ. ಅದಕ್ಕೆ ಪಡೆಯುವವನೊಬ್ಬನು ಇರುವುದರಿಂದ ಅದು ನಿಲ್ಲುವುದೂ ಇಲ್ಲ. ಇವರಿಬ್ಬರ ಗುರುಗಳಾದ ಅವನೀಂದ್ರನಾಥರು ಕೊನೆಗಾಲದಲ್ಲಿ ಕುಂಚವನ್ನು ಬದಿಗಿಟ್ಟು, ಒಣಗಿದ ಕೊಂಬೆ ಬೇರುಗಳ ತುಂಡುಗಳಲ್ಲಿ ಮೃಗಪಕ್ಷಿಗಳ ರೂಪಗಳನ್ನು ಕಂಡು ಜೋಡಿಸುತ್ತ ಕುಳಿತರು. ‘ಕುಟುಮ್ ಕಾಟಾಮ್’ ಎಂದು ಅವಕ್ಕೆ ಹೆಸರಿಟ್ಟರು. ಕೈ ಬದಲಾಯಿತು, ವಸ್ತು ಬದಲಾಯಿತು, ನೋಡುವ ಕಣ್ಣು ಮಾತ್ರ ಬದಲಾಗಲಿಲ್ಲ.

೫

ರಾಷ್ಟ್ರಕ್ಷೋಭೆಯು ಕೃತಿಗೆ ತಂದೊಡ್ಡುವ ವಿಘ್ನವನ್ನೂ, ಅದನ್ನು ಗೆದ್ದುಬಂದ ವಾರ್ಧಕ್ಯವನ್ನೂ ಒಟ್ಟಿಗೆ ಕಾಣಿಸುವ ಚರಿತೆ ರುಮಾಲೆ ಚನ್ನಬಸವಯ್ಯನವರದು. ೧೯೧೦ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ಇವರು ತಾರುಣ್ಯದಲ್ಲಿ ಚಿತ್ರಕಲೆಯನ್ನು ಅಭ್ಯಾಸಮಾಡಿದರು. ಆದರೆ ಸ್ವಾತಂತ್ರ್ಯ ಚಳವಳಿಯ ಕರೆ ಬಂದಾಗ ಅದನ್ನು ನಡುವೆಯೇ ಬಿಟ್ಟು, ಸೇವಾದಳದ ಕಾರ್ಯಕರ್ತರಾದರು; ಮುಂದೆ ‘ತಾಯಿನಾಡು’ ಪತ್ರಿಕೆಯ ಸಂಪಾದಕರೂ ವಿಧಾನಪರಿಷತ್ತಿನ ಸದಸ್ಯರೂ ಆದರು. ಕುಂಚ ಹಿಡಿಯಬೇಕಾಗಿದ್ದ ಕೈ ಬಾವುಟವನ್ನೂ ಲೇಖನಿಯನ್ನೂ ಹಿಡಿಯಿತು. ಕಲಾವಿದನ ಬಾಳಿನಲ್ಲಿ ಅತಿಮುಖ್ಯವೆಂದು ಎಣಿಸುವ ಇಪ್ಪತ್ತರಿಂದ ಐವತ್ತರ ವರೆಗಿನ ವಯಸ್ಸು ಬಹುಮಟ್ಟಿಗೆ ಹೀಗೆ ಕಳೆಯಿತು.

೧೯೬೦ರ ದಶಕದ ಆರಂಭದಲ್ಲಿ, ಇತರರು ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ, ಅವರು ರಾಜಕೀಯವನ್ನು ತೊರೆದು ಚಿತ್ರಕಲೆಗೆ ಮರಳಿದರು. ೧೯೮೮ರಲ್ಲಿ ತೀರಿಕೊಳ್ಳುವ ತನಕ, ಎಂದರೆ ಸುಮಾರು ಕಾಲು ಶತಮಾನ, ಜಲವರ್ಣ ತೈಲವರ್ಣಗಳೆರಡರಲ್ಲಿಯೂ ಪ್ರಕೃತಿದೃಶ್ಯಗಳನ್ನು ಬರೆದರು. ಬೆಂಗಳೂರಿನ ಹೂಮರಗಳು ಅವರ ಮುಖ್ಯವಾದ ವಸ್ತು. ಅವರ ಚಿತ್ರಗಳಲ್ಲಿ ಬಣ್ಣ ಉರಿಯುತ್ತದೆ. ಕುಂಚದ ಏಟುಗಳು ಸಣ್ಣವಾಗಿ, ಒತ್ತೊತ್ತಾಗಿ, ಮರವೇ ನಡುಗುತ್ತಿರುವಂತೆ ಕಾಣುತ್ತವೆ. ವೃದ್ಧನ ಕೃತಿಯೆಂದರೆ ಮಂದವಾಗಿರಬೇಕೆಂದು ಎಣಿಸಿದವರಿಗೆ ಅವು ಸರಿಯಾದ ಉತ್ತರ.

ಆ ಶಕ್ತಿ ಉಳಿದುದು ಹೇಗೆ? ಅವರ ಕೃತಿಗಳ ವಸ್ತುವಿನಲ್ಲಿಯೇ ಅದಕ್ಕೆ ಒಂದು ಉತ್ತರ ದೊರೆಯುತ್ತದೆ. ಚಿತ್ರಶಾಲೆಯಲ್ಲಿ ಕುಳಿತವನಿಗೆ ‘ನಾಳೆ’ ಎಂಬುದುಂಟು. ಹೂಮರದ ಮುಂದೆ ನಿಂತವನಿಗೆ ಅದಿಲ್ಲ. ಜರ್ಮನಿಯಿಂದ ಬಂದ ಕ್ರುಂಬಿಗಲ್ ಅವರು ೧೯೦೮ರಿಂದ ೧೯೩೨ರ ವರೆಗೆ ಲಾಲ್‌ಬಾಗಿನ ಆಡಳಿತದಲ್ಲಿದ್ದಾಗ, ವರ್ಷದ ಒಂದೊಂದು ಕಾಲದಲ್ಲಿಯೂ ಯಾವುದಾದರೊಂದು ಜಾತಿಯ ಮರ ಹೂತಿರುವಂತೆ ಬೆಂಗಳೂರಿನ ಬೀದಿಗಳಲ್ಲಿ ಸಾಲುಮರಗಳನ್ನು ನೆಡಿಸುವ ಕ್ರಮವನ್ನು ರೂಢಿಗೆ ತಂದರು. ಹಳದಿಯ ತಬೂಬಿಯಾ ಮರಗಳು ಮಾಗಿ ಕಳೆದೊಡನೆ ಎಲೆಯುದುರಿಸಿ ಹೊನ್ನಾಗುತ್ತವೆ. ಅದರ ಬೆನ್ನಿಗೆ ಜಕರಾಂಡದ ನೀಲಿ. ಏಪ್ರಿಲ್ ಮೇ ತಿಂಗಳುಗಳಲ್ಲಿ ಗುಲ್‌ಮೊಹರಿನ ಕೆಂಪು. ಒಂದೊಂದರ ಸಿರಿ ಕೆಲವೇ ದಿನಗಳದು. ಒಂದು ಬಲವಾದ ಮಳೆ ಬಿದ್ದರೆ ಅದೂ ಇಲ್ಲ. ಕುಮಾರವ್ಯಾಸನ ಐತಿಹ್ಯದಲ್ಲಿ ಒದ್ದೆ ಬಟ್ಟೆ ಮಾಡಿದ ಕೆಲಸವನ್ನು ಇಲ್ಲಿ ಹೂವು ಮಾಡುತ್ತದೆ. ಅದು ಕರೆಯುತ್ತದೆ, ಗಡುವನ್ನೂ ಗೊತ್ತುಮಾಡುತ್ತದೆ, ಮರುವರ್ಷ ಬರುವೆನೆಂಬ ಭಾಷೆಯನ್ನೂ ಕೊಡುತ್ತದೆ. ಎಪ್ಪತ್ತರ ಚಿತ್ರಕಾರನಿಗೆ ಆ ಭಾಷೆ ಸಾಮಾನ್ಯವಾದುದಲ್ಲ. ಅನಿರ್ವೇದಕ್ಕೆ ಇದಕ್ಕಿಂತ ಒಳ್ಳೆಯ ಆಹಾರ ಯಾವುದು?

ಇನ್ನೊಂದು ವಿಷಯವೂ ಉಂಟು. ಚಳವಳಿಯಲ್ಲಿ ಕಳೆದ ವರ್ಷಗಳನ್ನು ಕಲೆಯ ಲೆಕ್ಕದಲ್ಲಿ ನಷ್ಟವೆಂದು ಬರೆಯುವುದು ಸುಲಭ. ಆದರೆ ಸೇವಾದಳದ ಕವಾಯತು, ಪತ್ರಿಕೆಯ ನಿತ್ಯದ ಗಡುವು ಇವೆರಡೂ ಹೊತ್ತನ್ನು ಗೌರವಿಸುವ ಶಿಕ್ಷಣಗಳೇ. ತಡವಾಗಿ ಆರಂಭಿಸಿದವನಿಗೆ ತಡವಾಯಿತೆಂಬ ಅರಿವೇ ಒಂದು ಚುರುಕು. ಯೌವನದ ಕೀರ್ತಿಯನ್ನು ಕಾಪಾಡಿಕೊಳ್ಳಬೇಕಾದ ಹೊರೆಯೂ ಅವನಿಗೆ ಇರುವುದಿಲ್ಲ.

೬

ಇಷ್ಟಾದರೂ ದೇಹದ ವಾಸ್ತವವನ್ನು ಮರೆಯಲಾಗದು. ವಯಸ್ಸಾದಂತೆ ಕಣ್ಣಿನ ಮಸೂರವು ಹಳದಿಗೆ ತಿರುಗಿ, ಒಳಗೆ ಹೋಗುವ ಬೆಳಕು ಕಡಮೆಯಾಗುತ್ತದೆ. ನೀಲಿ ನೇರಿಳೆಗಳ ಭೇದ ಮಸುಕಾಗುತ್ತದೆ. ಬೆರಳಿನ ಹಿಡಿತ ಸಡಿಲುತ್ತದೆ. ಬಹುಹೊತ್ತು ನಿಂತರೆ ಸೊಂಟ ಮುಷ್ಕರ ಹೂಡುತ್ತದೆ. ಇವನ್ನು ಹಟದಿಂದ ಎದುರಿಸಿದವರಿಗಿಂತ ಉಪಾಯದಿಂದ ಬಳಸಿಹೋದವರೇ ಹೆಚ್ಚು ಗೆದ್ದಿದ್ದಾರೆ.

ಶಾಂತಿನಿಕೇತನದ ವಿನೋದಬಿಹಾರಿ ಮುಖರ್ಜಿಯವರು ಐವತ್ತರ ಆಸುಪಾಸಿನಲ್ಲಿ ಕಣ್ಣನ್ನು ಪೂರ್ತಿಯಾಗಿ ಕಳೆದುಕೊಂಡರು. ಅದಾದ ಮೇಲೆ ಕಾಗದವನ್ನು ಕತ್ತರಿಸಿ ಅಂಟಿಸಿ ಚಿತ್ರಗಳನ್ನು ಮಾಡಿದರು. ೧೯೭೨ರಲ್ಲಿ ಕಲಾಭವನದ ಗೋಡೆಗೆ ಬಿಲ್ಲೆಗಳ ದೊಡ್ಡ ಭಿತ್ತಿಚಿತ್ರವನ್ನು ರಚಿಸಿದರು. ಫ್ರಾನ್ಸಿನ ಮಾತೀಸ್ ೧೯೪೧ರ ಶಸ್ತ್ರಚಿಕಿತ್ಸೆಯ ತರುವಾಯ ಹೆಚ್ಚು ಕಾಲ ನಿಲ್ಲಲಾರದೆ, ಗಾಲಿಕುರ್ಚಿಯಲ್ಲಿಯೋ ಹಾಸಿಗೆಯಲ್ಲಿಯೋ ಕುಳಿತು, ಬಣ್ಣ ಹಚ್ಚಿದ ಕಾಗದಗಳನ್ನು ಕತ್ತರಿಯಿಂದ ಕತ್ತರಿಸತೊಡಗಿದನು. ಆ ಕತ್ತರಿಯ ಕೆಲಸವು ಅವನ ಕಲೆಯಲ್ಲಿ ಹೊಸ ಅಧ್ಯಾಯವೇ ಆಯಿತು. ಇಬ್ಬರಲ್ಲಿಯೂ ನಿಯಮ ಮುಂದುವರಿಯಿತು. ಉಪಕರಣ ಮಾತ್ರ ಬದಲಾಯಿತು. ನಿಯಮವೆಂದರೆ ಹಿಂದಿನದನ್ನೇ ಹಿಂದಿನಂತೆಯೇ ಮಾಡುವುದೆಂಬ ಭ್ರಾಂತಿಯನ್ನು ಇವರ ನಿದರ್ಶನ ನಿವಾರಿಸುತ್ತದೆ.

ಜಪಾನಿನ ಹೊಕುಸಾಯಿಯ (೧೭೬೦–೧೮೪೯) ಹೆಸರನ್ನು ಈ ಪ್ರಸಂಗದಲ್ಲಿ ಬಿಡುವಂತಿಲ್ಲ. ಫೂಜಿ ಪರ್ವತದ ನೂರು ದೃಶ್ಯಗಳ ಗ್ರಂಥಕ್ಕೆ ಬರೆದ ಹಿನ್ನುಡಿಯಲ್ಲಿ, ಎಪ್ಪತ್ತರ ಒಳಗೆ ತಾನು ಬರೆದುದು ಲೆಕ್ಕಕ್ಕೆ ಬಾರದೆಂದೂ ತೊಂಬತ್ತರಲ್ಲಿ, ನೂರರಲ್ಲಿ ಇನ್ನೂ ಮೇಲಕ್ಕೇರುವೆನೆಂದೂ ಅವನು ಹೇಳಿಕೊಂಡಿರುವುದು ಪ್ರಸಿದ್ಧ. ಅದಕ್ಕಿಂತ ಉಪಯುಕ್ತವಾದುದು, ೧೮೪೨ ಮತ್ತು ೧೮೪೩ರಲ್ಲಿ, ಎಂಬತ್ತು ದಾಟಿದ ಮೇಲೆ, ಅವನು ನಡೆಸಿದ ಒಂದು ವ್ರತ. ದಿನದ ಆರಂಭದಲ್ಲಿ ಒಂದು ಸಿಂಹದ ಚಿತ್ರವನ್ನು ಬರೆಯುವುದು. ಅರಿಷ್ಟನಿವಾರಣೆಗೆ ಅದೊಂದು ರಕ್ಷೆ. ಹಾಗೆ ಬರೆದ ಚಿತ್ರಗಳು ಇನ್ನೂರಕ್ಕೂ ಮೇಲ್ಪಟ್ಟು ಉಳಿದಿವೆ. ಕುಣಿಯುವ ಸಿಂಹ, ಮಲಗಿದ ಸಿಂಹ, ಹೀಗೆ ವಸ್ತು ಒಂದೇ, ಭಂಗಿ ದಿನಕ್ಕೊಂದು. ‘ಇಂದು ಏನನ್ನು ಬರೆಯಲಿ’ ಎಂಬ ಪ್ರಶ್ನೆಯೇ ಏಳದಂತೆ ಮಾಡಿಕೊಂಡುದು ಈ ವ್ರತದ ಗುಟ್ಟು. ಆ ಪ್ರಶ್ನೆಯೊಂದರಿಂದಲೇ ಎಷ್ಟೋ ಬೆಳಗುಗಳು ಮುಗಿದುಹೋಗುತ್ತವೆ.

ಸಾಹಿತ್ಯದಲ್ಲಿಯೂ ಕನ್ನಡಿಗರಿಗೆ ಉದಾಹರಣೆಗಳ ಬಡತನವಿಲ್ಲ. ಡಿ. ವಿ. ಗುಂಡಪ್ಪನವರು ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದುದು ೧೯೬೭ರಲ್ಲಿ, ಎಂಬತ್ತನೆಯ ವಯಸ್ಸಿನಲ್ಲಿ, ತಮ್ಮ ಭಗವದ್ಗೀತಾ ವ್ಯಾಖ್ಯಾನಕ್ಕಾಗಿ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಹೊರಬಂದುದು ೧೯೬೮ರಲ್ಲಿ. ಆಗ ಅವರಿಗೆ ಅರುವತ್ತಾರು. ಆ ಕಾದಂಬರಿಯ ಕೇಂದ್ರದಲ್ಲಿ ಒಬ್ಬ ಮುದುಕಿಯೇ ಇರುವುದು ಗಮನಾರ್ಹ. ನಿಘಂಟುಕಾರರಾದ ಜಿ. ವೆಂಕಟಸುಬ್ಬಯ್ಯನವರು (೧೯೧೩–೨೦೨೧) ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣವನ್ನು ಆರಂಭಿಸಿದುದು ೧೯೯೧ರಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ. ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಯುವ ಆ ಕಟ್ಟುಪಾಡು ರಾಜಶೇಖರನ ಪರಿಭಾಷೆಯಲ್ಲಿ ಪ್ರಾಯೋಜನಿಕ. ಹೊರಗಿನಿಂದ ಬರುವ ಬೇಡಿಕೆಯು ಒಳಗಿನ ಊಟೆಯನ್ನು ಬತ್ತಿಸುವುದರ ಬದಲು ತೆರೆದಿಟ್ಟುದಕ್ಕೆ ಅದು ಸಾಕ್ಷಿ.

೭

ಸಿದ್ಧಾಂತವು ಕಡೆಗೆ ಒಂದು ಕೋಣೆಗೆ ಇಳಿಯಬೇಕು. ರಾಜಶೇಖರನ ಕವಿಗೆ ಆರು ಋತುಗಳಿಗೂ ತಕ್ಕ ಎಡೆಗಳುಳ್ಳ ಮನೆ, ತೋಟ, ಕೊಳ, ಅಪ್ಪಣೆಯಿಲ್ಲದೆ ಮಾತಾಡದ ಪರಿಜನ ಎಲ್ಲವೂ ಉಂಟು. ಬೆಂಗಳೂರಿನ ಪಡುವಣ ಬಡಾವಣೆಗಳಲ್ಲಿ, ಮುಖ್ಯವಾಗಿ ವಿಜಯನಗರಕ್ಕೆ ಹೊಂದಿಕೊಂಡ ಚಂದ್ರಾ ಲೇಔಟಿನಂಥ ಎಡೆಯಲ್ಲಿ, ವಯಸ್ಸಾದ ಚಿತ್ರಕಾರನಿಗೆ ದೊರೆಯಬಹುದಾದುದು ಮೂವತ್ತಡಿ ನಲವತ್ತಡಿಯ ನಿವೇಶನದ ಮನೆಯಲ್ಲಿ ಒಂದು ಕೋಣೆ, ಅಥವಾ ಮಹಡಿಯ ಮೇಲಣ ಒಂದು ಮಾಡು.

ಚಿತ್ರಶಾಲೆಗೆ ಉತ್ತರದ ಕಿಟಕಿ ಲೇಸೆಂದು ಯೂರೋಪಿನ ಗ್ರಂಥಗಳು ಹೇಳುತ್ತವೆ. ಅಲ್ಲಿ ಸೂರ್ಯನು ಮಧ್ಯಾಹ್ನದಲ್ಲಿ ಸದಾ ದಕ್ಷಿಣಕ್ಕಿರುವುದರಿಂದ ಆ ಮಾತು ಒಪ್ಪುತ್ತದೆ. ಬೆಂಗಳೂರು ಸುಮಾರು ೧೩ ಅಂಶ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ತಿಂಗಳ ಕಡೆಯ ವಾರದಿಂದ ಆಗಸ್ಟ್ ತಿಂಗಳ ನಡುವಣ ವರೆಗೆ ಇಲ್ಲಿ ನಡುಹಗಲ ಸೂರ್ಯನು ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳ ಬೆಳಗು ಬೈಗುಗಳಲ್ಲಿ ಉತ್ತರದ ಗೋಡೆಗೆ ಓರೆಬಿಸಿಲು ಬೀಳುತ್ತದೆ. ಆದಕಾರಣ ಉತ್ತರದ ಬೆಳಕು ಇಲ್ಲಿ ವರ್ಷಪೂರ್ತಿ ಒಂದೇ ಸಮನಲ್ಲ. ಕಿಟಕಿಗೆ ತೆಳು ಬಿಳಿ ಬಟ್ಟೆಯನ್ನೋ ಅಗಲವಾದ ಚಾಚನ್ನೋ ಒದಗಿಸದೆ ಬಣ್ಣದ ನಿಜ ತಿಳಿಯದು. ಒತ್ತಾಗಿ ಕಟ್ಟಿದ ಮನೆಗಳ ಸಾಲಿನಲ್ಲಿ ಇನ್ನೂ ಒಂದು ತೊಡಕುಂಟು. ಎದುರು ಮನೆಯ ಗೋಡೆಗೆ ಹಸುರೋ ಗುಲಾಬಿಯೋ ಬಳಿದಿದ್ದರೆ ಆ ಛಾಯೆ ಕೋಣೆಯೊಳಗಣ ಕಾಗದದ ಮೇಲೂ ಹಾಯುತ್ತದೆ. ಮಸೂರ ಹಳದಿಯಾದ ಕಣ್ಣು ಇದನ್ನು ತಾನಾಗಿ ಕಂಡುಹಿಡಿಯಲಾರದು. ಬೆಳಗ್ಗೆ ಬರೆದುದನ್ನು ಸಂಜೆಯ ಮುನ್ನ ಮಹಡಿಯ ಬಯಲಿಗೆ ಒಯ್ದು ನೋಡುವುದು, ಅಥವಾ ಕಿರಿಯರ ಕಣ್ಣಿಗೆ ತೋರಿಸಿ ಕೇಳುವುದು, ನಾಲ್ಕನೆಯ ಜಾವದ ಪರೀಕ್ಷೆಯ ಇಂದಿನ ರೂಪ.

ಹೊತ್ತಿನ ಹಂಚಿಕೆಯೂ ಇದರಂತೆಯೇ. ನಸುಕಿನಿಂದ ಎಂಟು ಗಂಟೆಯ ವರೆಗೆ ಬೀದಿ ನಿಶ್ಶಬ್ದವಾಗಿರುತ್ತದೆ. ಆಮೇಲೆ ಮೈಸೂರು ರಸ್ತೆಯ ಮೊರೆತವೂ ಮನೆಯವರ ಸಡಗರವೂ ಮೊದಲಾಗುತ್ತವೆ. ಕಷ್ಟವಾದ ಹೊಸ ಕೆಲಸವು ಆ ಮೊದಲ ಹೊತ್ತಿನದು. ಕಾಗದ ಬಿಗಿಯುವುದು, ಕುಂಚ ತೊಳೆಯುವುದು, ಮರುದಿನಕ್ಕೆ ಬೇಕಾದ ಬಣ್ಣವನ್ನು ತೆಗೆದಿರಿಸುವುದು ಇವು ದಣಿದ ಹೊತ್ತಿನ ಕೆಲಸಗಳು. ಸಂಜೆ ಸಿದ್ಧಮಾಡಿಟ್ಟ ಹಲಗೆ ಬೆಳಗ್ಗೆ ಅರ್ಧ ಚಿತ್ರವಿದ್ದಂತೆ. ಒಂದು ಗಂಟೆಗೊಮ್ಮೆ ಏಳುವುದನ್ನು ಸೋಲೆಂದು ಬಗೆಯಬೇಕಾಗಿಲ್ಲ. ದೂರದಿಂದ ನೋಡುವುದೂ ಬರೆಯುವುದರ ಭಾಗವೇ. ಮೈಗೆ ಸೌಖ್ಯವಿಲ್ಲದ ದಿನ ನಂದಲಾಲರ ಅಂಚೆಕಾರ್ಡಿನಷ್ಟು ಕಾಗದ ಸಾಕು. ನಿಯಮದ ಅಳತೆಯನ್ನು ಕಿರಿದು ಮಾಡಬಹುದು, ಕಡಿಯಬಾರದು. ಕಡಿದ ನೂಲನ್ನು ಇಪ್ಪತ್ತರಲ್ಲಿ ಒಂದು ದಿನದಲ್ಲಿ ಗಂಟುಹಾಕಬಹುದು. ಎಪ್ಪತ್ತರಲ್ಲಿ ಅದಕ್ಕೆ ತಿಂಗಳು ಹಿಡಿದೀತ.

೮

ಕಾವ್ಯದ ಪಾಕವನ್ನು ವಿವರಿಸುವಲ್ಲಿ ರಾಜಶೇಖರನು ಒಂಬತ್ತು ಫಲಗಳ ಹೆಸರನ್ನು ಹೇಳುತ್ತಾನೆ. ದ್ರಾಕ್ಷಾಪಾಕ ನಾರಿಕೇಳಪಾಕಗಳೆಂದು ಇಂದು ರೂಢಿಯಲ್ಲಿರುವ, ಸುಲಭ ಕಠಿನಗಳನ್ನು ಹೇಳುವ ಅರ್ಥ ಅವನದಲ್ಲ. ಆದಿಯಿಂದ ಅಂತ್ಯದ ವರೆಗೆ ರುಚಿ ಹೇಗೆ ಸಾಗುತ್ತದೆಂಬುದೇ ಅವನ ವಿವಕ್ಷೆ. ಬೇವು ಆದಿಯಲ್ಲಿಯೂ ಅಂತ್ಯದಲ್ಲಿಯೂ ಅಸ್ವಾದು. ಅಡಕೆ ಆದಿಯಲ್ಲಿ ಸ್ವಾದು, ಅಂತ್ಯದಲ್ಲಿ ಅಸ್ವಾದು. ದ್ರಾಕ್ಷಿ ಆದಿಯಲ್ಲಿ ಅಸ್ವಾದು, ಕಡೆಗೆ ಸ್ವಾದು. ಮಾವು ಆದಿಯಲ್ಲಿ ಮಧ್ಯಮ, ಕಡೆಗೆ ಸ್ವಾದು. ತೆಂಗು ಎರಡರಲ್ಲಿಯೂ ಸ್ವಾದು. ಎಡೆಬಿಡದ ಅಭ್ಯಾಸದಿಂದಲೇ ಸುಕವಿಯ ವಾಕ್ಯವು ಪಾಕಕ್ಕೆ ಬರುತ್ತದೆಂಬುದು ಅಲ್ಲಿಯ ನಿರ್ಣಯ.

ಶಾಸ್ತ್ರಕಾರನು ಇದನ್ನು ಹೇಳಿರುವುದು ಕಾವ್ಯಕ್ಕೆ. ಕಾವ್ಯಕರ್ತೃವಿನ ಬಾಳಿಗೂ ಇದನ್ನು ಅನ್ವಯಿಸುವುದು ಸಾಹಸವಾದರೂ ಅಸಂಗತವಲ್ಲ. ಯೌವನದ ಉತ್ಸಾಹವೊಂದನ್ನೇ ನೆಚ್ಚಿದ ಕಲೆಯು ಅಡಕೆ. ರುಮಾಲೆಯವರದು ತಡವಾಗಿ ಕಳಿತ ದ್ರಾಕ್ಷಿ ಅಥವಾ ಮಾವು. ಕಾಯಿಗಳಲ್ಲಿ ಯಾವುದು ಯಾವಾಗ ಕಳಿಯುವುದೆಂಬುದು ಮರಕ್ಕೂ ತಿಳಿಯದು. ಬೇರಿಗೆ ನೀರು ತಪ್ಪದಂತೆ ನೋಡಿಕೊಳ್ಳುವುದಷ್ಟೇ ಕೈಯಲ್ಲಿರುವ ಕೆಲಸ.

ಆರಂಭದಲ್ಲಿ ಎತ್ತಿದ ಪ್ರಶ್ನೆಗಳಿಗೆ ಇಷ್ಟರಿಂದ ಉತ್ತರ ಹೀಗೆ ದೊರೆಯುತ್ತದೆ. ಕುಂದುವುದು ಬಹುಮಟ್ಟಿಗೆ ಶಕ್ತಿಯ ಸುತ್ತಣ ಅನುಕೂಲಗಳು: ಸ್ವಾಸ್ಥ್ಯ, ಒಡನಾಟ, ಬೇಡಿಕೆ, ಭರವಸೆ. ನಿತ್ಯನಿಯಮವು ಪ್ರತಿಭೆಯ ಸ್ಥಾನದಲ್ಲಿ ನಿಲ್ಲಲಾರದು. ವೆಂಕಟಪ್ಪನವರ ಕೊನೆಯ ಇಪ್ಪತ್ತೈದು ವರ್ಷಗಳು ಅದಕ್ಕೆ ಸಾಕ್ಷಿ. ಆದರೆ ನಿಯಮವಿಲ್ಲದೆ ಹೋದರೆ, ಉಳಿದ ಅನುಕೂಲಗಳು ಮರಳಿ ಬಂದಾಗ ಅವನ್ನು ಬರಮಾಡಿಕೊಳ್ಳಲು ಮನೆಯಲ್ಲಿ ಯಾರೂ ಇರುವುದಿಲ್ಲ. ನಿಯಮವನ್ನು ಪಾಲಿಸುವ ಭಾರ ಕಲಾವಿದನದು. ಅವನ ಕೃತಿಯನ್ನು ಎದುರುನೋಡುವ, ಕೇಳುವ, ವಯಸ್ಸನ್ನು ಬದಿಗಿಟ್ಟು ವಿಮರ್ಶಿಸುವ ಭಾರ ಸಮಾಜದ್ದು, ವಿಶೇಷವಾಗಿ ಅಧ್ಯಾಪಕರದು. ‘ಈ ವಯಸ್ಸಿನಲ್ಲಿಯೂ’ ಎಂಬ ಮಾತನ್ನು ಬಿಟ್ಟು ಕೃತಿಯನ್ನು ಕೃತಿಯಾಗಿ ನೋಡುವುದರಿಂದ ಆ ಭಾರವನ್ನು ಹೊರುವ ಕೆಲಸ ಮೊದಲಾಗಬಹುದು.